ಸೋಡಾ ನೀರಿನ ಮಡಿ

ಎಂಬತ್ತರ ದಶಕದ ಕೊನೆಗೆ ನಾನು ಕಲಬುರಗಿಯಿಂದ ಕಮಲಾಪುರಕ್ಕೆ ದಿನಾಲೂ ಬಸ್ಸಿನಲ್ಲಿ ಹೋಗಿ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಹಂಗಾಮಿ ನೌಕರಿ. ಒಂದು ವರ್ಷ ನಾಗಾ ಮಾಡದೆ ಬಂದರೆ ಕಾಯಂ ಮಾಡುತ್ತೇವೆ ಎಂದಿದ್ದರು. ಬಸ್ಸಿಳಿದ ಮೇಲೆ ಶಾಲೆಗೆ ಒಂದು ಮೈಲಿ ಬಯಲು ದಾರಿ. ತವರಿನಿಂದ ತಂದಿದ್ದ ದಪ್ಪ ಬಟ್ಟೆಯ ಮಳೆಕೋಟು ಹಳತಾಗಿ ನೀರು ಕುಡಿಯತೊಡಗಿತ್ತು.

ಕಲಬುರಗಿಯ ರೋಜಾ ಬಡಾವಣೆಯ ಹತ್ತಿರ ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಮುದುಕನೊಬ್ಬ ಉಪಾಯ ಹೇಳಿದ. "ಮೇಣಬತ್ತಿ ತಿಕ್ಕ್ರಿ ಬಾಯಾರ, ಮ್ಯಾಲ ಪೇಪರ್ ಹಾಕಿ ಬಿಸಿ ಇಸ್ತ್ರಿ ಆಡಸ್ರಿ. ತಣ್ಣೀರಿಗೆ ಏನೂ ಆಗಂಗಿಲ್ಲ. ಬಟ್ಟಿ ಒಗಿಯೋ ಸೋಡಾ ಹಾಕಿದ ಕುದಿಯೋ ನೀರು ಮಾತ್ರ ತಾಗಸಬ್ಯಾಡ್ರಿ, ಮೇಣ ಖಲಾಸ್!"

ಭಾನುವಾರ ಹಾಗೇ ಮಾಡಿದೆ. ತಂಬಿಗೆ ನೀರು ಸುರಿದರೆ ಒಂದು ಹನಿಯೂ ಒಳಗಿಳಿಯಲಿಲ್ಲ. ಹಿಗ್ಗಿ ಹೋಗಿ, ಮುದುಕ ಹೇಳಿದ್ದನ್ನೆಲ್ಲ ಅತ್ತೆಗೆ ಒಂದೂ ಬಿಡದೆ ಒಪ್ಪಿಸಿದೆ. ನನ್ನ ಬಾಯಿಗೆ ಬೆಂಕಿ ಹಾಕ.

ನಮ್ಮದು ಮಡಿಯ ಮನೆ. ಬಸ್ಸಿನಲ್ಲಿ ಹತ್ತು ಜನರ ಮೈಗೆ ತಗುಲಿದ ಕೋಟನ್ನು ಅತ್ತೆ ಸೋಮವಾರ ಸಂಜೆಯೇ ಬಚ್ಚಲಿಗೆ ಒಯ್ದರು. ತಣ್ಣೀರಲ್ಲಿ ಅದ್ದುತ್ತಾರೆಂದು ನಾನೂ ಸುಮ್ಮನಿದ್ದೆ. ಮರುದಿನ ಮಳೆಯಲ್ಲಿ ಸೀರೆಯೆಲ್ಲ ತೊಯ್ದು ತೊಪ್ಪೆಯಾಯಿತು. ಮತ್ತೆ ಮೇಣ ತಿಕ್ಕಿದೆ, ಮತ್ತೆ ಒಯ್ದರು. ಮೂರು ವಾರ ಇದೇ ಆಯಿತು. ನನಗೆ ಇಸ್ತ್ರಿ ಮಾಡಲು ಬಂದಿಲ್ಲ ಎಂದುಕೊಂಡೆ. ಕೈ ಸುಟ್ಟುಕೊಂಡೆ. ಪಾಪ, ಆ ಮುದುಕನನ್ನೂ ಬೈದೆ.

ನಾಲ್ಕನೆಯ ವಾರ ಒಂದು ಸಂಜೆ, ಕಾಲು ತೊಳೆಯಲು ಹೋದವಳು ಬಚ್ಚಲ ಬಾಗಿಲಲ್ಲೇ ನಿಂತೆ. ಬಕೆಟ್ಟಿನಲ್ಲಿ ನನ್ನ ಕೋಟು. ಅತ್ತೆ ಹಿಡಿಗಟ್ಟಲೆ ಸೋಡಾ ಹಾಕುತ್ತಿದ್ದರು. ಹಂಡೆಯಿಂದ ಕುದಿನೀರು ತೋಡಿ ಸುರಿಯುತ್ತಿದ್ದವರು ನನ್ನ ಗಂಡ.

"ಮಡಿಗೆ ತಣ್ಣೀರು ಸಾಲಂಗಿಲ್ಲೇನ್ರಿ?" ಎಂದೆ.

ಅತ್ತೆ ಇನ್ನೊಂದು ಹಿಡಿ ಸೋಡಾ ಹಾಕಿದರು. ಗಂಡ ಮೆಲ್ಲಗೆ, "ಎಷ್ಟ ದಿನಾ ಹಿಂಗ ತೊಯ್ಸ್ಕೊಂಡು ಹೋಗ್ತಿ? ನೌಕರಿ ಸಾಕು ಮಾಡು ಇನ್ನ" ಎಂದರು.

ಮರುದಿನವೂ ಹಟಕ್ಕೆ ಬಿದ್ದು ಅದೇ ಕೋಟು ಹಾಕಿಕೊಂಡು ಹೋದೆ. ಕಮಲಾಪುರದಲ್ಲಿ ಇಡೀ ದಿನ ಮಳೆ. ಆ ವಾರ ಹಿಡಿದ ಜ್ವರ ಇಪ್ಪತ್ತು ದಿನ ಬಿಡಲಿಲ್ಲ. ಶಾಲೆಯವರು ನನ್ನ ಜಾಗಕ್ಕೆ ಬೇರೆಯವಳನ್ನು ತೆಗೆದುಕೊಂಡರು.

ಆ ಇಪ್ಪತ್ತು ದಿನ ಅತ್ತೆ ನನ್ನ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಗಂಡ ತಾವೇ ಗಂಜಿ ಆರಿಸಿ ಕುಡಿಸಿದರು. ಅವರಿಬ್ಬರೂ ಅಷ್ಟು ಅಕ್ಕರೆಯಿಂದ ನನ್ನನ್ನು ಮೊದಲು ನೋಡಿಕೊಂಡಿರಲಿಲ್ಲ, ಆಮೇಲೂ ನೋಡಿಕೊಳ್ಳಲಿಲ್ಲ. ಸೋಡಾ ನೀರನ್ನು ಮರೆತೇನು, ಆ ಗಂಜಿಯನ್ನು ಮಾತ್ರ ನಾನು ಇನ್ನೂ ಕ್ಷಮಿಸಿಲ್ಲ.