ಕೆರೆಗೆ ನಾನು ಏರಿಸಿದ ನೀಲಿ

ಇವತ್ತು ಮುಂಜಾನೆ ಮುಖ ತೊಳೆಯಲು ಬೊಗಸೆಯಲ್ಲಿ ನೀರು ಹಿಡಿದರೆ ಪಾಚಿಯ ವಾಸನೆ ಬಂತು. ನಮ್ಮೂರಲ್ಲಿ ಇದೇನೂ ಹೊಸದಲ್ಲ. ಬೋರ್ ಹೊಡೆದರೆ ಉಪ್ಪು ನೀರು ಬರುತ್ತದೆ, ಹಾಗಾಗಿ ನಾವು ಕುಡಿಯುವುದು ಕೆರೆಯ ನೀರನ್ನೇ. ಬೇಸಿಗೆ ಹತ್ತಿರ ಬಂದಂತೆ ಅದು ಹಸಿರಾಗುತ್ತದೆ. ಆದರೆ ಆ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ನಡುವೆಯೇ ನಿಂತುಬಿಡುತ್ತದೆ. ಯಾಕೆಂದು ನಿಮಗೆ ಹೇಳಬೇಕಾದರೆ ನನ್ನದೊಂದು ಹುಚ್ಚಿನಿಂದ ಶುರು ಮಾಡಬೇಕು.

ನನ್ನದು ಫೋಟೋ ಸ್ಟುಡಿಯೋ. ಹೊಟ್ಟೆ ತುಂಬುವುದು ಮದುವೆ, ಬಸುರಿಯರ ಕುಬಸದ ಫೋಟೋಗಳಿಂದ. ಹುಚ್ಚು ಮಾತ್ರ ಬಯಲಿನದು. ಪುರುಸೊತ್ತಾದಾಗ ಬೈಕ್ ಹತ್ತಿ ಮೊರಬದ ಕಡೆ, ತಿರ್ಲಾಪುರದ ಕಡೆ ಹೋಗಿ ಹೊಲ, ಮುಗಿಲು ಹಿಡಿದು ತರುತ್ತಿದ್ದೆ. ನಮ್ಮ ಎರೆ ಸೀಮೆ ನೋಡಿದ್ದೀರಲ್ಲ? ಗುಡ್ಡವಿಲ್ಲ, ಕಾಡಿಲ್ಲ. ಅರ್ಧ ಕರಿ ಮಣ್ಣು, ಅರ್ಧ ಮುಗಿಲು, ನಡುವೆ ಒಂದು ಗೆರೆ. ಅದನ್ನು ಇದ್ದಂತೆ ತೋರಿಸುವ ಧೈರ್ಯ ನನಗಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಮುಗಿಲಿಗೆ ಕೆಂಪು ಏರಿಸುತ್ತಿದ್ದೆ, ಕಡಲೆ ಹೊಲಕ್ಕೆ ಹಸಿರು ತುಂಬುತ್ತಿದ್ದೆ. ಒಮ್ಮೆ ಹೆಂಡತಿ ಹಿಂದೆ ನಿಂತು ನೋಡಿ, "ಇದ್ಯಾವ ಊರ್ರಿ?" ಎಂದಳು. ನಮ್ಮ ಹಿತ್ತಲಿನ ಆಚೆಯ ಹೊಲ ಅದು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಸ್ಟುಡಿಯೋದ ಬಾಜೂಕೆ ದಾವಲಸಾಬ ಕಾಕಾ ಅವರ ಟೇಲರ್ ಅಂಗಡಿ. ಇಡೀ ಊರಿನ ಅಂಗಿಯ ಅಳತೆ ಅವರ ತಲೆಯಲ್ಲಿತ್ತು. ಆ ವರ್ಷ ಅವರ ಮಗಳು ಮುಮತಾಜ್ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೆರೆಯ ನೀರು ಸೋಸುವ ತೊಟ್ಟಿ ಕೆಟ್ಟು ಬಹಳ ದಿನವಾಗಿತ್ತು. ಕಾಕಾ ತಾವೇ ಮನೆಮನೆ ತಿರುಗಿ, ತಾಲೂಕಾ ಆಫೀಸಿಗೆ ಕೊಡುವ ಅರ್ಜಿಗೆ ಸಹಿ ಮಾಡಿಸಿಕೊಂಡು ನನ್ನ ಹತ್ತಿರ ಬಂದರು.

"ತಮ್ಮಾ, ಬರೇ ಕಾಗದ ಕೊಟ್ರ ಯಾರೂ ಓದೂದಿಲ್ಲ. ಕೆರಿದೊಂದು ಫೋಟೋ ತಗದು ಕೊಡು. ಇದ್ದದ್ದು ಇದ್ದಂಗ."

"ಆತ್ರಿ ಕಾಕಾ," ಎಂದೆ.

ಹೊತ್ತು ಹುಟ್ಟುವಾಗಲೇ ಹೋಗಿ ತೆಗೆದೆ. ಹಸಿರುಗಟ್ಟಿದ ನೀರು, ದಂಡೆಗೆ ನೊರೆ, ಪ್ಲಾಸ್ಟಿಕ್ ಚೀಲಗಳು, ಮೈ ತೊಳೆಸಿಕೊಳ್ಳುತ್ತಿದ್ದ ಎಮ್ಮೆ. ಎಲ್ಲ ಬಂದಿತ್ತು. ತಿದ್ದಲು ಕೂತಾಗ ಮೊದಲು ಸೊಟ್ಟಗಿದ್ದ ಮುಗಿಲಂಚಿನ ಗೆರೆಯನ್ನು ನೆಟ್ಟಗೆ ಮಾಡಿದೆ. ಅಷ್ಟಕ್ಕೇ ಏಳಬೇಕಿತ್ತು ನೋಡಿ. ಆಮೇಲೆ ಸ್ವಲ್ಪ ಬೆಳಕು. ಕಣ್ಣಿಗೆ ಚುಚ್ಚುತ್ತವೆಂದು ಚೀಲಗಳನ್ನು ಅಳಿಸಿದೆ. ಮುಗಿಲಿಗೆ ನೀಲಿ ಏರಿಸಿದ ಮೇಲೆ ನೀರು ಹಸಿರು ಉಳಿದರೆ ಹೊಂದುವುದಿಲ್ಲವೆಂದು ನೀರಿಗೂ ಏರಿಸಿದೆ. ಚಂದವಿದ್ದರೆ ಸಾಹೇಬರು ಎರಡು ನಿಮಿಷ ಹೆಚ್ಚು ನೋಡಿಯಾರು ಎಂದು ನನಗೆ ನಾನೇ ಹೇಳಿಕೊಂಡೆ. ಖರೆ ಹೇಳಬೇಕೆಂದರೆ, ಮೂಲೆಯಲ್ಲಿ ನನ್ನ ಹೆಸರಿತ್ತು, ಆ ಹೆಸರಿನ ಮೇಲಿದ್ದ ಫೋಟೋ ಚಂದ ಇರಬೇಕಿತ್ತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕವರಿನಲ್ಲಿ ಹಾಕಿ, ಬಾಯಿ ಅಂಟಿಸಿಯೇ ಕೊಟ್ಟೆ.

ಕಾಕಾ ಅವರ ಜೊತೆ ಆಫೀಸಿಗೆ ನಾನೂ ಹೋದೆ. ಕವರು ಬಿಚ್ಚಿದ ಸಾಹೇಬರು ಫೋಟೋವನ್ನು ಕೈಯಳತೆ ದೂರ ಹಿಡಿದು ನಕ್ಕರು. "ಏನ್ರೀ ಯಜಮಾನ್ರ, ಇಂಥಾ ನೀರು ಇಟ್ಕೊಂಡು ತಕರಾರು ಮಾಡ್ತೀರಲ್ಲ!"

ಕಾಕಾ ಆಗಲೇ ಅದನ್ನು ಮೊದಲ ಸಲ ನೋಡಿದ್ದು. ನನ್ನ ಕಡೆ ತಿರುಗಲಿಲ್ಲ. "ನೀರು ಹಿಂಗಿಲ್ರಿ ಸಾಹೇಬ್ರ. ಫೋಟೋದಾಗ ಅಷ್ಟ ಹಿಂಗ ಬಂದದ."

"ಹಂಗಾರ ಫೋಟೋ ಯಾಕ ತಂದ್ರಿ?"

ಅದಕ್ಕೆ ಕಾಕಾ ಏನು ಹೇಳಬೇಕಿತ್ತು, ನೀವೇ ಹೇಳಿ. ಹೇಳಬೇಕಾದವನು ನಾನು. ನಾನು ಕ್ಯಾಮೆರಾದ ಪಟ್ಟಿ ಹಿಡಿದುಕೊಂಡು ನೆಲ ನೋಡುತ್ತಿದ್ದೆ. ಬಸ್ಸಿನಲ್ಲಿ ಬರುವಾಗ ಅವರು ಬೈದಿದ್ದರೆ ಚಲೋ ಇತ್ತು. "ಅಳತಿ ತಗೊಳ್ಳುವಾಗ ಮಂದಿ ಹೊಟ್ಟಿ ಒಳಗ ಎಳಕೊಂಡು ನಿಲ್ತಾರ, ತಮ್ಮಾ. ಆಮ್ಯಾಲೆ ಅಂಗಿ ಬಿಗಿ ಆತಂತ ನನ್ನ ಮ್ಯಾಲೆ ಬರ್ತಾರ," ಎಂದಷ್ಟೇ ಹೇಳಿ ಕಿಟಕಿಯ ಕಡೆ ಮುಖ ಮಾಡಿದರು.

ಮರುದಿನವೇ ಬೇರೆ ಫೋಟೋ ತೆಗೆದು ಕೊಡಬಹುದಿತ್ತು. ನಾಚಿಕೆಗೆ ಒಂದು ವಾರ ಅವರ ಅಂಗಡಿಯ ಮುಂದೆ ಹಾಯಲಿಲ್ಲ. ಆಮೇಲೆ ಮದುವೆ ಸೀಜನ್ ಬಂತು.

ಅದೇ ಸೀಜನ್ನಿನಲ್ಲಿ ಊರಲ್ಲಿ ಕಾಮಣಿ ಕಾಣಿಸಿಕೊಂಡಿತು. ಒಬ್ಬರ ಹಿಂದೆ ಒಬ್ಬರ ಕಣ್ಣು ಹಳದಿಯಾದವು. ಬಹಳ ಮಂದಿ ಹಾಸಿಗೆ ಹಿಡಿದು ಎದ್ದರು. ಮುಮತಾಜ್ ಏಳಲಿಲ್ಲ. ನೀರಿನಿಂದಲೇ ಬಂದದ್ದು, ಬಸುರಿಯರಿಗೆ ಇದು ಬಹಳ ಕೆಟ್ಟದ್ದು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರಂತೆ. ದವಾಖಾನೆಗೆ ಒಯ್ದ ಐದನೇ ದಿನ ತಾಯಿ, ಹೊಟ್ಟೆಯಲ್ಲಿದ್ದ ಕೂಸು ಇಬ್ಬರನ್ನೂ ಒಂದೇ ಗಾಡಿಯಲ್ಲಿ ಊರಿಗೆ ತಂದರು.

ನಲವತ್ತು ದಿನ ಕಳೆದ ಮೇಲೆ ಕಾಕಾ ಸ್ಟುಡಿಯೋದ ಬಾಗಿಲಲ್ಲಿ ನಿಂತರು. ಗಡ್ಡ ಅಗದಿ ಬೆಳ್ಳಗಾಗಿತ್ತು.

"ಮೊದಲಿಂದು ಅದ ಏನು? ನೀ ತಿದ್ದೂಕಿಂತ ಮೊದಲಿಂದು?"

ಇರಲಿಲ್ಲ. ಮದುವೆಯೊಂದರ ಫೋಟೋಗಳಿಗೆ ಜಾಗ ಬೇಕೆಂದು ಕ್ಯಾಮೆರಾದ ಕಾರ್ಡು ಖಾಲಿ ಮಾಡಿದ್ದೆ. ಕಂಪ್ಯೂಟರಿನಲ್ಲಿದ್ದದ್ದು ನೀಲಿ ಕೆರೆಯೊಂದೇ. "ಇಲ್ರಿ ಕಾಕಾ," ಎಂದೆ.

"ಅಕಿ ಕುಡದ ನೀರು ಹೆಂಗಿತ್ತು ಅಂತ ಒಮ್ಮಿ ನೋಡಬೇಕಾಗಿತ್ತು," ಎಂದು ಹೊರಟುಹೋದರು. ಹೊರಗೆ ಆಗಲೇ ಮಳೆ ಹಿಡಿದಿತ್ತು. ಕೆರೆ ತುಂಬಿ, ಎಲ್ಲ ಕೆರೆಗಳ ಹಾಗೇ ಕಾಣುತ್ತಿತ್ತು.

ಇದ್ದಂತೆಯೇ ಕೊಟ್ಟಿದ್ದರೆ ತೊಟ್ಟಿ ರಿಪೇರಿ ಆಗುತ್ತಿತ್ತೇ? ಆಗುತ್ತಿರಲಿಲ್ಲ ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಾಳೆ. ಇರಬಹುದು. ನನಗೆ ಎಂದಿಗೂ ತಿಳಿಯುವುದಿಲ್ಲ, ಅಷ್ಟೇ. ಈಗ ಬಯಲಿನ ಫೋಟೋ ತೆಗೆದರೆ ಗೆರೆ ನೆಟ್ಟಗೆ ಮಾಡುತ್ತೇನೆ, ಕಣ್ಣಿಗೆ ಕಂಡಷ್ಟು ಬೆಳಕು ಕೊಡುತ್ತೇನೆ, ಅಲ್ಲಿಗೆ ಎದ್ದುಬಿಡುತ್ತೇನೆ. "ಸಪ್ಪಗದಾವ್ರಿ" ಅನ್ನುತ್ತಾರೆ ಮಂದಿ. ತೊಟ್ಟಿ ಮಾತ್ರ ಇನ್ನೂ ಹಾಗೇ ಇದೆ.

ಇವತ್ತು ಮುಖ ಒರೆಸಿಕೊಂಡವನೇ ಕೆರೆಗೆ ಹೋಗಿ ಫೋಟೋ ತೆಗೆದೆ. ಯಾವುದನ್ನೂ ಮುಟ್ಟದೆ ಪ್ರಿಂಟ್ ಹಾಕಿದೆ. ಹೊಸ ಅರ್ಜಿ ಬರೆದು, ಸಹಿಗೆಂದು ಮೊದಲ ಸಾಲನ್ನು ಖಾಲಿ ಬಿಟ್ಟು, ಕಾಕಾ ಅವರ ಹತ್ತಿರ ಒಯ್ದೆ. ಮಷೀನು ನಿಲ್ಲಿಸಿ, ಚಷ್ಮಾ ಹಾಕಿಕೊಂಡು ಬಹಳ ಹೊತ್ತು ನೋಡಿದರು. ದಂಡೆಯ ನೊರೆಯ ಮೇಲೆ ಒಮ್ಮೆ ಬೆರಳಾಡಿಸಿದರು.

"ಹಿಂಗ ಇತ್ತು," ಎಂದರು.

"ಸಹಿ ಮಾಡ್ರಿ ಕಾಕಾ. ಇಬ್ರೂ ಹೋಗೂಣು."

"ನಾ ಒಲ್ಲೆಪಾ. ನೀ ಹೋಗು."

ಮಷೀನು ಮತ್ತೆ ಶುರುವಾಯಿತು. ನಾನು ಎರಡನೇ ಸಾಲಿನಲ್ಲಿ ಸಹಿ ಮಾಡಿ, ಬಸ್ ಸ್ಟ್ಯಾಂಡಿನ ಕಡೆ ನಡೆದೆ.