ಹಾಬೆ ಮತ್ತು ಅಗಮ್

೧೯೯೪ರಲ್ಲಿ, ಎಂಟನೆಯ ತರಗತಿಗೆ ನಾನು ಶಾಲೆ ಬಿಟ್ಟೆ. ಆಮೇಲೆ ನನಗೆ ವ್ಯಾಕರಣ ಕಲಿಸಿದ್ದು ಮ್ಯೂನಿಕ್‌ನ ನಮ್ಮ ಕೆಳಮನೆಯ ಅಜ್ಜಿಯ ಬಲಗೈ. ಗೆಣ್ಣುಗಳು ಶುಂಠಿಯ ಹಾಗೆ ಊದಿದ್ದ ಆ ಕೈ ಪೂರ್ತಿ ಮುಚ್ಚುತ್ತಿರಲಿಲ್ಲ, ಪೂರ್ತಿ ಬಿಚ್ಚುತ್ತಲೂ ಇರಲಿಲ್ಲ.

ಅವರು ಐರ್ಲೆಂಡಿನವರು. ಜರ್ಮನ್ ಗಂಡನನ್ನು ಕಟ್ಟಿಕೊಂಡು ಬಂದು ಜೀವಮಾನವೆಲ್ಲ ಇಲ್ಲಿ ಬಟ್ಟೆ ಹೊಲಿದವರು. ನನ್ನ ಮಗಳು ಇಲ್ಲಿಯವರಂತೆ ‘ಓಮಾ’ ಅನ್ನುತ್ತಿದ್ದಳು, ಅಜ್ಜಿ ಅಂತ. ನಾನೂ ಹಾಗೇ ಕರೆದೆ.

ನಾನು ಅಡುಗೆ ಮಾಡುವ ಹೋಟೆಲಿನ ಅಡುಗೆಮನೆಯಲ್ಲಿ ನನಗೆ ಎದುರಾಡುವವರಿಲ್ಲ. ಆದರೆ ಈ ದೇಶದಲ್ಲಿ ಕಾಯಂ ಉಳಿಯಲು ಜರ್ಮನ್ ಪರೀಕ್ಷೆ ಪಾಸಾಗಬೇಕಿತ್ತು. ಮಾತಿನ ಭಾಗದಲ್ಲಿ ಫೇಲಾದೆ. ‘ನನಗೊಬ್ಬಳು ಮಗಳಿದ್ದಾಳೆ’ ಎನ್ನುವುದನ್ನು ಕನ್ನಡದಂತೆಯೇ ಜೋಡಿಸಿ ‘ಮಿರ್ ಇಸ್ಟ್ ಐನೆ ಟೋಖ್ಟರ್’ ಎಂದಿದ್ದೆ. ಜರ್ಮನರು ‘ಇಷ್ ಹಾಬೆ’ ಅನ್ನುತ್ತಾರೆ, ನಾನು ಹೊಂದಿದ್ದೇನೆ ಎಂದು. ಆ ಪದ ನನ್ನ ಬಾಯಿಗೆ ಬರುತ್ತಲೇ ಇರಲಿಲ್ಲ.

“ಅಪ್ಪಾ, ನೈನ್. ಹಾಗೆ ಯಾರೂ ಹೇಳಲ್ಲ. ನನ್ನ ಫ್ರೆಂಡ್ಸ್ ಮುಂದೆ ಜರ್ಮನ್ ಮಾತಾಡ್ಬೇಡಿ, ಪ್ಲೀಸ್,” ಎಂದಳು ಮಗಳು, ಮನೆಯ ಮೆಟ್ಟಿಲ ಮೇಲೆ ನಾನು ಅದನ್ನು ಹೇಳಿದಾಗ. ಇನ್ನೊಮ್ಮೆ ಪರೀಕ್ಷೆಗೆ ಕೂರುವುದಿಲ್ಲ, ಹೆಂಡತಿ, ಮಗಳನ್ನು ಕರೆದುಕೊಂಡು ಊರಿಗೇ ಹೊರಟುಬಿಡೋಣ ಎಂದು ಅಲ್ಲೇ ಅಂದುಕೊಂಡೆ.

ಜೆರೇನಿಯಂ ಹೂಗಿಡಗಳಿಗೆ ನೀರು ಹಾಕುತ್ತಿದ್ದ ಓಮಾ ಕೇಳಿಸಿಕೊಂಡರು. ನಿಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತೀರಿ ಎಂದು ವಿಚಾರಿಸಿದರು. ಬಿಡಿಸಿ ಹೇಳಿದೆ.

“ನಮ್ಮಲ್ಲೂ ‘ಹಾಬೆ’ ಇಲ್ಲ ಕಣಪ್ಪಾ,” ಎಂದು ನಕ್ಕರು. “‘ತಾ ಇನೀನ್ ಅಗಮ್.’ ಮಗಳು ನನ್ನ ಹತ್ತಿರ ಇದ್ದಾಳೆ. ಅಷ್ಟೇ. ಈ ಜರ್ಮನರು ನೋಡು, ಹಸಿವನ್ನೂ ಹೊಂದಿರ್ತಾರೆ.”

‘ಅಗ್’ ಎಂದರೆ ಹತ್ತಿರ, ‘ಮೇ’ ಎಂದರೆ ನಾನು. ಬಹಳ ಕಾಲ ಜೊತೆಗೆ ಬಾಳಿ ಅವು ‘ಅಗಮ್’ ಎಂಬ ಒಂದೇ ಪದವಾದವಂತೆ. ನಿನ್ನ ಹತ್ತಿರ ಎನ್ನಲು ‘ಅಗತ್’. ನನಗೆ ಶಾಲೆಯ ಆಗಮ ಸಂಧಿ ನೆನಪಾಯಿತು. “ನಮ್ಮಲ್ಲಿ ಆಗಮ ಅಂದ್ರೆ, ಎರಡು ಪದ ಸೇರುವಾಗ ನಡುವೆ ಹೊಸ ಅಕ್ಷರ ಬಂದು ಕೂರೋದು,” ಎಂದೆ.

“ನಾನೂ ನೀನೂ ಈ ಊರಿಗೆ ಬಂದು ಕೂತ ಹಾಗೆ,” ಎಂದರು.

ಮರುದಿನದಿಂದ ಪಾಠ. ನನ್ನ ಅಂಗೈಗೆ ಆಲೂಗಡ್ಡೆ ಇಟ್ಟು, ಆ ಸೊಟ್ಟ ಬೆರಳುಗಳಿಂದ ನನ್ನ ಮುಷ್ಟಿ ಮುಚ್ಚಿಸುತ್ತಿದ್ದರು. “ಹಾಬೆ ಅಂದ್ರೆ ಮೂಲದಲ್ಲಿ ಹಿಡ್ಕೊಳ್ಳೋದು. ಹಿಡಿ, ಹೇಳು.” ಆಲೂಗಡ್ಡೆ ಮೇಜಿನ ಮೇಲಿಟ್ಟರೆ “ಈಗ?” “ಅಗಮ್.” “ಸರಿ. ಅದು ಮನೆಗೆ. ಪರೀಕ್ಷೆಗೆ ಮುಷ್ಟಿ.”

ಎರಡನೆಯ ಸಲದ ಪರೀಕ್ಷೆಯಲ್ಲಿ ಸಂಸಾರದ ಬಗ್ಗೆ ಕೇಳಿದಾಗ ಮೇಜಿನ ಕೆಳಗೆ ಮುಷ್ಟಿ ಕಟ್ಟಿದೆ. ಇಷ್ ಹಾಬೆ ಬಂತು. ಪಾಸಾದೆ.

ಕಳೆದ ಚಳಿಗಾಲ ಓಮಾ ಆಸ್ಪತ್ರೆ ಸೇರಿದರು. ಕೊನೆಕೊನೆಗೆ ಜರ್ಮನ್ ಮರೆತೇಹೋಗಿತ್ತು. ಬಾಯಲ್ಲಿ ಬರೀ ಐರಿಷ್. ನರ್ಸ್‌ಗಳಿಗೆ ಏನೂ ತಿಳಿಯುತ್ತಿರಲಿಲ್ಲ. ನನ್ನ ಪಾಠ ಕೇಳುತ್ತಲೇ ಆ ಪದಗಳನ್ನು ಕಲಿತಿದ್ದ ಮಗಳು ಹತ್ತಿರ ಕೂತು, ತನ್ನನ್ನೂ ನನ್ನನ್ನೂ ತೋರಿಸಿ, “ಓಮಾ, ಅಗತ್,” ಎಂದಳು. ಓಮಾ ನಮ್ಮಿಬ್ಬರನ್ನೂ ನೋಡಿದರು. ಹೊದಿಕೆಯ ಮೇಲಿದ್ದ ಕೈ ಅರೆ ತೆರೆದೇ ಇತ್ತು.

“ಅಗಮ್.”

ಎರಡು ದಿನಕ್ಕೆ ಹೋಗಿಬಿಟ್ಟರು.

ಈಗ ನನ್ನ ಹತ್ತಿರ ಹೆಂಡತಿ ಇದ್ದಾಳೆ, ಮಗಳಿದ್ದಾಳೆ. ಎರಡು ಕೋಣೆಯ ಬಾಡಿಗೆ ಮನೆ, ಇಲ್ಲೇ ಉಳಿಯಲು ಪರವಾನಗಿ, ಓಮಾರ ಮೂರು ಜೆರೇನಿಯಂ ಕುಂಡ ಇವೆ. ಐರಿಷ್ ಪದ ಒಂದು.