ತಗ್ಗಿನ ಹೊಲ ಹಿಡಿದವರು

ಗಂಗಾವತಿ ಸೀಮೆಗೆ ಬಂದ ಮೂರನೆಯ ದಿನವೇ ಒಬ್ಬಾಕೆ ನೀರಿಗೆ ಬೈಯುವುದನ್ನು ಕೇಳಿದೆ. ಬದುವಿನ ಮೇಲೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿಗೆ ಬಂದಂತೆ ತೆಲುಗಿನಲ್ಲಿ ಬೈಯುತ್ತಿದ್ದಳು. ಈಕೆಗೆ ತಲೆ ಕೆಟ್ಟಿದೆ ಅನಿಸಿತು. ನಮ್ಮ ಯಲಬುರ್ಗಾ ಕಡೆ ಬಿದ್ದ ಹನಿ ಹೊಲದಾಚೆ ಹೋಗದಂತೆ ಒಡ್ಡು ಹಾಕುತ್ತೇವೆ.

ನಮ್ಮಲ್ಲಿ ಹೆಣ್ಣು ಕೊಡುವವರೂ ಮೊದಲು ಕೇಳುವುದು ತಗ್ಗಿನಲ್ಲಿ ಎಷ್ಟು ಹೊಲ ಇದೆ ಎಂದೇ. ದಿಬ್ಬದ ಮಣ್ಣು ಇಳಿದು ಬಂದು ಅಲ್ಲಿ ಕೂಡುತ್ತದೆ. ಮಳೆ ಕೈಕೊಟ್ಟರೂ ಆ ಹಸಿಯಲ್ಲಿ ಜೋಳ ತೆನೆ ಕಟ್ಟುತ್ತದೆ. ಅಂಥದೊಂದು ಹೊಲ ಮಾರಿ, ನೀರಾವರಿಯ ಆಸೆಗೆ ನವಲಿ ಹತ್ತಿರ ಭೂಮಿ ನೋಡಲು ಬಂದಾಗ ನನ್ನ ಗಂಡ ನೇರ ತಗ್ಗಿಗೇ ಇಳಿದರು. ಮೇಲೆ, ಕಾಲುವೆಯ ನೀರು ಬಿಡುವ ತೂಬಿನ ಪಕ್ಕದ ಎರಡು ಎಕರೆಯನ್ನೂ ತೋರಿಸಿದ್ದರು. ಅದರ ಬೆಲೆಗೆ ಈ ತಗ್ಗಿನಲ್ಲಿ ನಾಲ್ಕು ಎಕರೆ ಬರುತ್ತಿತ್ತು. ಈ ಜನಕ್ಕೆ ಹೊಲದ ಕಿಮ್ಮತ್ತೇ ಗೊತ್ತಿಲ್ಲವಲ್ಲ ಎಂದು ಇಬ್ಬರೂ ಒಳಗೊಳಗೇ ನಕ್ಕೆವು. ನಾನೇ ಒಂದು ಹಿಡಿ ಮಣ್ಣು ಹಿಚುಕಿ ನೋಡಿ, ತಗೊಳ್ರಿ ಎಂದೆ. ಆ ಮಾತು ಈಗಲೂ ನನ್ನನ್ನು ಸುಡುತ್ತದೆ.

ಮೊದಲ ಭತ್ತ ಬಂತು. ರೊಟ್ಟಿ ಬಿಟ್ಟು ಮೂರು ಹೊತ್ತು ಅನ್ನ ಉಂಡೆವು. ಮರುವರ್ಷದ ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಎದ್ದಿತು. ನೀರಿಗೆ ಬೈದಿದ್ದವಳು ಪಕ್ಕದ ಹೊಲದ ಸುಬ್ಬಮ್ಮ. ಅವಳೇ ತಿಳಿಸಿ ಹೇಳಿದಳು: ಮೇಲಿನ ಗದ್ದೆಗಳ ನೀರೆಲ್ಲ ಬಸಿದು ತಗ್ಗಿನಲ್ಲಿ ನಿಲ್ಲುತ್ತದೆ, ಹೋಗಲು ದಾರಿಯಿಲ್ಲ, ಉಪ್ಪು ಮೇಲೇಳುತ್ತದೆ. ಇದಕ್ಕೆ ಸವಳು ಎನ್ನುತ್ತಾರೆ. ಈಗ ನೆಟ್ಟ ಸಸಿ ತುದಿ ಸುಟ್ಟು ಸಾಯುತ್ತದೆ. ನಾನೂ ನೀರಿಗೆ ಬೈಯುವುದನ್ನು ಕಲಿತಿದ್ದೇನೆ, ಅದೂ ತೆಲುಗಿನಲ್ಲಿ.

ಇದನ್ನು ಮಾರಿದರೆ ಊರಲ್ಲಿ ತುಂಡು ಹೊಲ ಹಿಡಿದು ಮರಳಬಹುದು ಎಂಬುದೊಂದೇ ಆಸೆ ಉಳಿದಿತ್ತು. ಕಳೆದ ತಿಂಗಳು ಕುಷ್ಟಗಿ ಕಡೆಯ ಗಂಡ ಹೆಂಡತಿ ಬಂದರು. ಆ ವಾರದ ಮಳೆಗೆ ಬಿಳುಪು ತೊಳೆದುಹೋಗಿತ್ತು. ಅವರೂ ನೇರ ತಗ್ಗಿಗೇ ಇಳಿದರು. ಆಕೆ ಹಿಡಿ ಮಣ್ಣೆತ್ತಿ ಹಿಚುಕಿದಳು.

"ಮಣ್ಣು ಭಾಳ ಛಲೋ ಐತಲ್ಲಕ್ಕಾ," ಎಂದಳು.

"ಬ್ಯಾಡ ತಂಗಿ, ಸವಳೈತಿ. ಇಲ್ಲಿ ತಗ್ಗು ಹಿಡೀಬ್ಯಾಡ್ರಿ," ಎಂದುಬಿಟ್ಟೆ.

ಅವರು ಹೋದ ಮೇಲೆ ಗಂಡ ಬೈಯಲಿಲ್ಲ. "ಇನ್ನ ಊರಿನ ಆಸೆ ಮುಗೀತು ಬಿಡು," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ನನಗೆ ಅಳು ತಡೆಯಲಾಗಲಿಲ್ಲ.

ಊರಿನ ನಮ್ಮ ಹೊಲವನ್ನು ಈಗ ಬೇರೆಯವರು ಬಿತ್ತುತ್ತಾರೆ. ಅಲ್ಲಿಂದ ಫೋನ್ ಮಾಡಿದವರು, ನಿಮಗೇನವ್ವಾ, ಕಾಲುವೆ ನೀರೈತಿ ಅನ್ನುತ್ತಾರೆ. ಹೌದ್ರಿ, ನೀರು ಭಾಳ ಐತಿ ಅನ್ನುತ್ತೇನೆ. ಆಮೇಲೆ ಅಲ್ಲಿ ಮಳೆ ಬಂತೇ ಎಂದು ಕೇಳುತ್ತೇನೆ.